ನಡುಕೋಣೆಯ ಗುರುತು

ನಮ್ಮೂರಿನ ಮ್ಯೂಸಿಯಂ ನೋಡಲು ಬಂದವರು ಮೊದಲು ಕೇಳುವುದು ಗುಮ್ಮಟದ ವಿಷಯ. ಅಷ್ಟೆತ್ತರದಲ್ಲಿ ಗಾಜು ಕೂರಿಸಿದ್ದು ಹೇಗೆ, ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಒಳಗೆ ಬೀಳುವ ಬೆಳಕು ಸಂಜೆಯದರ ಹಾಗೆ ಯಾಕಿದೆ, ಇಂಥವು. ಗುಮ್ಮಟದ ಸಂಗತಿ ನನಗೆ ಗೊತ್ತಿಲ್ಲ. ಬಾಗಿಲುಗಳ ಬಗ್ಗೆಯಾದರೆ ಬೇಕಾದಷ್ಟು ಗೊತ್ತು. ಹೊರಗಿನಿಂದ ನೋಡಿದರೆ ಕಟ್ಟಡ ಬಿಳಿಕಲ್ಲಿನದು, ಕಂಬಗಳೆಲ್ಲ ಒಂದೇ ಅಳತೆ, ಕಮಾನುಗಳೆಲ್ಲ ಒಂದೇ ಅಳತೆ. ಒಳಗೆ ಬಂದು ಎಡಕ್ಕೆ ತಿರುಗಿದಿರೋ, ಒಂದು ಬಾಗಿಲಿನ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ತಲೆ ಬಗ್ಗಿಸಬೇಕು, ಇನ್ನೊಂದರ ಹೊಸ್ತಿಲು ಮೊಣಕಾಲಿಗೆ ಬರುತ್ತದೆ, ಮತ್ತೊಂದರ ಮೇಲೆ ಯಾರೋ ತೋರಣ ಕಟ್ಟಲು ಹೊಡೆದ ಮೊಳೆಗಳು ಹಾಗೇ ಇವೆ. ಚಿನ್ನದ ಚೌಕಟ್ಟಿನ ದೊಡ್ಡ ದೊಡ್ಡ ಚಿತ್ರಗಳ ಮಧ್ಯೆ, ಕಂಚಿನ ವಿಗ್ರಹಗಳ ಮಧ್ಯೆ, ನಮ್ಮೂರ ಮನೆಗಳ ಕೋಣೆಗಳು ಬಂದು ಕೂತಿವೆ. ಕಾಲಡಿಯಲ್ಲಿ ಇಲ್ಲಿ ಮೊಸಾಯಿಕ್ಕು, ಅಲ್ಲಿ ಕಾವಿನೆಲ, ಅದರಾಚೆ ಸಗಣಿ ಸಾರಿಸಿದ ನೆಲ. ಪರಊರಿನವರು ಎಂಥ ಕಲ್ಪನೆ, ಎಂಥ ಕಲ್ಪನೆ ಎಂದು ಹೊಗಳುತ್ತಾರೆ. ಕಲ್ಪನೆಯಂತೆ, ನನ್ನ ತಲೆ.

ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಮನೆಯಲ್ಲೂ ಒಬ್ಬರು ಎದ್ದು, ಒಂದೊಂದು ಕೋಣೆಯ ಬಾಗಿಲು ತೆರೆದು, "ಇದ್ದೀಯಾ?" ಎಂದು ಕೇಳಿಕೊಂಡು ಬರುತ್ತಾರೆ. ಕೋಣೆ ಉತ್ತರ ಕೊಡುವುದಿಲ್ಲ. ಕೇಳಿದರೆ ಸಾಕು. ಕೇಳದೆ ಬಿಟ್ಟ ಕೋಣೆ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ, ಆಮೇಲೆ ಒಂದು ದಿನ ಹೋಗಿ ನೋಡಿದರೆ ಬಾಗಿಲಿದ್ದ ಕಡೆ ಬರೀ ಗೋಡೆ. ಕೋಣೆ ಮ್ಯೂಸಿಯಂನಲ್ಲಿರುತ್ತದೆ, ಮುಂದೆ ಕೆಂಪು ಹಗ್ಗ, ಪಕ್ಕದಲ್ಲಿ ಬೋರ್ಡು. ಅದಕ್ಕೇ ನಮ್ಮಲ್ಲಿ ಮನೆ ಕಟ್ಟಿಸುವವರು ಎಷ್ಟು ಕೋಣೆ ಕೇಳಲು ತಮ್ಮ ಕೈಯಲ್ಲಾಗುತ್ತದೆ ಎಂದು ಯೋಚಿಸಿಯೇ ಪ್ಲಾನು ಹಾಕಿಸುತ್ತಾರೆ. ಯಾತ್ರೆಗೆ ಹೊರಟವರು ಪಕ್ಕದ ಮನೆಗೆ ಬೀಗದಕೈ ಕೊಟ್ಟು, ಗಿಡಕ್ಕೆ ನೀರು ಹಾಕಿ, ಕೋಣೆ ಕೇಳಿ ಎಂದು ಹೇಳಿ ಹೋಗುತ್ತಾರೆ. ಒಂದು ಮಾತು ಮಾತ್ರ ನೆನಪಿಡಬೇಕು. ಕೋಣೆಯಲ್ಲಿ ಮಲಗುವವರು ತಾವೇ ಕೇಳಿಕೊಂಡರೆ ನಡೆಯುವುದಿಲ್ಲ. ಬೇರೆಯವರು ಬಂದು ಕೇಳಬೇಕು.

ನನ್ನ ಹೆಸರು ಅಂಬುಜ. ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ತಮ್ಮ ಶ್ರೀಪತಿ, ಅವನ ಹೆಂಡತಿ ಜಯಶೀಲ, ಕಾಲೇಜಿಗೆ ಹೋಗುವ ಮಗ ಸುಹಾಸ, ಅವನಿಗಿಂತ ಎಷ್ಟೋ ಚಿಕ್ಕವಳಾದ ಮಗಳು ತುಂಗ, ಇವರ ಜೊತೆ ಅಪ್ಪ ಕಟ್ಟಿಸಿದ ಮನೆಯಲ್ಲಿ ಇದ್ದೆ. ನಡುಕೋಣೆ ನನ್ನದು. ಅಲ್ಲೇ ಹೊಲಿಗೆ ಮಿಷನ್ನು, ಅಲ್ಲೇ ಮಂಚ. ಬೀದಿಯ ಹೆಂಗಸರ ರವಿಕೆಗಳೆಲ್ಲ ನನ್ನ ಕೈಯಲ್ಲೇ ಆಗಬೇಕು. ಸಂಜೆಯಾದರೆ ಅಡುಗೆಮನೆ, ದೇವರಮನೆ, ಮಹಡಿಯ ಕೋಣೆ, ಉಗ್ರಾಣ, ಎಲ್ಲವನ್ನೂ ಕೇಳಿ ಬರುತ್ತಿದ್ದವಳು ನಾನೇ. ನನ್ನ ಕೋಣೆಯನ್ನು ಮನೆಯವರಲ್ಲಿ ಯಾರಾದರೂ ಬಂದು ಕೇಳುತ್ತಿದ್ದರು. ಅವರು ಬಾಗಿಲಲ್ಲಿ ನಿಂತು "ಇದ್ದೀಯಾ?" ಎಂದಾಗ ಕೋಣೆಯ ಪರವಾಗಿ ನಾನೇ "ಇದ್ದೀನಿ, ಎಲ್ಲಿಗೆ ಹೋಗ್ಲಿ" ಎನ್ನುತ್ತಿದ್ದೆ. ತುಂಗನಿಗೆ ಅದು ಕೇಳಿದಷ್ಟು ಸಲವೂ ನಗು.

ಆಮೇಲಾಮೇಲೆ ಕೇಳುವುದು ತಪ್ಪಿತು. ಜಯಶೀಲ ಕೇಳಿದ್ದಾಳೆ ಎಂದು ಶ್ರೀಪತಿ, ಮಕ್ಕಳು ಕೇಳಿದ್ದಾರೆ ಎಂದು ಜಯಶೀಲ, ತುಂಗ ಕೇಳಿದ್ದಾಳೆ ಎಂದು ಸುಹಾಸ. ತುಂಗನಿಗೆ ಮಂಗನಬಾವು ಬಂದು ಮಹಡಿಯ ಮೇಲೆ ಮಲಗಿಸಿದ್ದರು. ದಿನಕ್ಕೆ ಎಷ್ಟೋ ಸಲ ಎಲ್ಲರೂ ನನ್ನ ಬಾಗಿಲ ಮುಂದೆಯೇ ಓಡಾಡುತ್ತಿದ್ದರು, ಮಿಷನ್ನಿನ ಸದ್ದು ಕೇಳುತ್ತಲೇ ಇತ್ತು, ಒಳಗೆ ಮನುಷ್ಯರಿರುವ ಕೋಣೆಗೆ ಏನಾಗುತ್ತದೆ ಎಂದುಕೊಂಡಿರಬೇಕು. ಯಾರೂ ಕೇಳುತ್ತಿಲ್ಲ ಎನ್ನುವುದು ನನಗೆ ಗೊತ್ತಿತ್ತು. ನನ್ನ ಕೋಣೆ ಕೇಳಿ ಬನ್ನಿ ಎಂದು ನಾನೇ ಕೂಗಿ ಕರೆಯಬೇಕೇ, ಮಾಡಲು ಕೆಲಸವಿಲ್ಲವೇ ಎಂದು ಸುಮ್ಮನಿದ್ದೆ. ಪಕ್ಕದ ಮನೆಯ ಹುಡುಗಿಯ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದ ಒಂದು ಮಧ್ಯಾಹ್ನ, ದಾರ ಕಚ್ಚಿ ತಲೆಯೆತ್ತಿದರೆ, ಬಾಗಿಲಿಗೆ ಅಡ್ಡ ಕೆಂಪು ಹಗ್ಗ. ಆಚೆ ಯಾರೋ ಗಂಡಸು ಮಗನಿಗೆ "ಮುಟ್ಟಬಾರದು, ನೋಡಬೇಕು ಅಷ್ಟೆ" ಎನ್ನುತ್ತಿದ್ದ.

ಬೋರ್ಡಿನಲ್ಲಿ ಏನು ಬರೆದಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಬಂದವರು ಜೋರಾಗಿ ಓದುತ್ತಿದ್ದರಿಂದ ತಿಳಿಯಿತು. ನಡುಕೋಣೆ. ಸುಣ್ಣ, ತೇಗ, ಕಬ್ಬಿಣ, ಹತ್ತಿ, ಹೆಂಗಸು. ಓದಿ ಮುಗಿಸಿ ಅವರು ಸುಣ್ಣ ನೋಡುತ್ತಿದ್ದರು, ತೇಗ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು. ಮೊದಮೊದಲು ಸಿಟ್ಟು ಬಂದು "ಏನು ನೋಡ್ತೀರಿ, ಮನೇಲಿ ಅಕ್ಕತಂಗೀರಿಲ್ವಾ" ಎಂದು ಗದರಿದೆ. ಅವರು ಹೆದರಿ ಮುಂದಿನ ಕೋಣೆಗೆ ಹೋದರು, ಹಿಂದೆ ಇದ್ದವರು ಮುಂದೆ ಬಂದರು. ಎಷ್ಟು ಜನರನ್ನೆಂದು ಗದರುವುದು.

ಹಸಿವಾಗುತ್ತಿರಲಿಲ್ಲ. ರೀಲಿನ ದಾರ ಮುಗಿಯುತ್ತಿರಲಿಲ್ಲ. ಕಿಟಕಿಯಾಚೆ ನಮ್ಮ ಹಿತ್ತಿಲ ಓಣಿಯೇ ಕಾಣುತ್ತಿತ್ತು, ಆದರೆ ಅದರಲ್ಲಿ ಯಾರೂ ನಡೆಯುತ್ತಿರಲಿಲ್ಲ. ಕಾಂಪೌಂಡಿನ ಮೇಲೆ ಪಟ್ಟೆ ಬೆಕ್ಕೊಂದು ಒಂದು ಕಾಲೆತ್ತಿಕೊಂಡು ಕೂತಿತ್ತು. ಬೆಳಿಗ್ಗೆ ನೋಡಿದರೂ ಹಾಗೇ, ಸಂಜೆ ನೋಡಿದರೂ ಹಾಗೇ. ಎರಡು ಸಲ ಹಗ್ಗ ದಾಟಿ ಹೊರಗೆ ಹೋಗಲು ನೋಡಿದೆ. ಕಾಲು ಆಚೆಗಿಟ್ಟರೆ ಅದು ಮತ್ತೆ ನನ್ನ ಕೋಣೆಯ ಕಾವಿನೆಲದ ಮೇಲೇ ಊರುತ್ತಿತ್ತು, ಮುಖ ಮಾತ್ರ ಬೀರುವಿನ ಕಡೆ ತಿರುಗಿರುತ್ತಿತ್ತು. ಆಮೇಲೆ ಕಿಟಕಿಯ ಕಡೆ ನೋಡುವುದನ್ನೂ ಬಿಟ್ಟೆ. ಹೆದರಿಕೆಯಾಗುತ್ತಿತ್ತು.

ಮಾತಿಗೆ ಸಿಕ್ಕವನು ಗಂಗಯ್ಯ ಒಬ್ಬನೇ. ಪ್ರತಿ ಹಜಾರಕ್ಕೂ ಖಾಕಿ ಕೋಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತ ಕಾವಲಿನವರೊಬ್ಬರು ಇರುತ್ತಾರಲ್ಲ, ಅಂಥವನು. ಅವರು ಯಾವ ಬೀದಿಯವರು, ಯಾರ ಮನೆಯವರು ಎಂದು ಊರಲ್ಲಿ ಯಾರೂ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಮ್ಯೂಸಿಯಂಗೆ ಹೋದವರು ಚಿತ್ರ ನೋಡುತ್ತಾರೆಯೇ ಹೊರತು ಸ್ಟೂಲಿನ ಮೇಲಿರುವವರ ಮುಖವನ್ನೇನು ನೋಡುತ್ತಾರೆ. ಗಂಗಯ್ಯ ವಯಸ್ಸಾದವನು, ಮೆತ್ತನೆ ಮಾತು. ಜನ ಇಲ್ಲದಾಗ ಹಗ್ಗದ ಹತ್ತಿರ ಬಂದು ನಿಲ್ಲುತ್ತಿದ್ದ.

"ಭಾನುವಾರ ನಿಮ್ಮ ಮನೆಯೋರು ಬರ್ತಾರೆ ತಾಯಿ, ಆಫೀಸಿನಲ್ಲಿ ಹೆಸರು ಬರೆಸಿ ಹೋಗವ್ರೆ" ಎಂದು ಅವನೇ ಹೇಳಿದ್ದು. "ಈ ಭಾನುವಾರ ನೋಡ್ಕೊಂಡು ಹೋಗೋದು. ಮುಂದಿನ ಭಾನುವಾರ ಗುರುತು ಹೇಳೋದು."

ಗುರುತು ಹೇಳುವುದು ಏನೆಂದು ಊರಿಗೆಲ್ಲ ಗೊತ್ತು. ಕೋಣೆ ವಾಪಸು ಬೇಕಾದವರು ಹಗ್ಗದ ಈಚೆ ಕೋಣೆಗೆ ಬೆನ್ನು ಮಾಡಿ ನಿಂತು, ಒಳಗೆ ಏನೇನಿದೆ ಎಂದು ಹೇಳಬೇಕು. ಹೇಳಿದ್ದು ಮನೆಗೆ ಹೋಗುತ್ತದೆ. ಹೇಳದೆ ಬಿಟ್ಟದ್ದು ಇಲ್ಲೇ ಉಳಿಯುತ್ತದೆ. ಇಲ್ಲದ್ದನ್ನು ಇದೆ ಎಂದರೆ ಎಲ್ಲವೂ ಇಲ್ಲೇ. ಕೋಣೆಯ ಒಳಗಿನಿಂದ ಯಾರಾದರೂ ತುಟಿ ಬಿಚ್ಚಿ ನೆನಪು ಮಾಡಿಕೊಟ್ಟರೂ ಎಲ್ಲವೂ ಇಲ್ಲೇ. ಹೇಳಿ ಮುಗಿಸಿದವರು ತಿರುಗಿ ನೋಡದೆ ನೇರ ಮನೆಗೆ ಹೋಗಬೇಕು. ಒಂದು ಕೋಣೆಗೆ ಒಂದೇ ಸಲ, ಇನ್ನೊಂದು ಅವಕಾಶವಿಲ್ಲ. ನಮ್ಮ ಹಿಂದಿನ ಬೀದಿಯ ವಿಮಲಮ್ಮನವರ ಅಡುಗೆಮನೆ ವಾಪಸು ಬಂದಾಗ ಕಿಟಕಿಯೇ ಇರಲಿಲ್ಲ. ಪಾತ್ರೆಪಡಗ, ಒಳಕಲ್ಲು, ಉಪ್ಪಿನ ಮರಿಗೆ ಎಲ್ಲ ಹೇಳಿ ಕಿಟಕಿ ಹೇಳುವುದನ್ನು ಮರೆತಿದ್ದರು. ಪಾಪ, ಇವತ್ತಿಗೂ ಹಗಲುಹೊತ್ತು ಲೈಟು ಹಾಕಿಕೊಂಡೇ ಒಗ್ಗರಣೆ ಹಾಕುತ್ತಾರೆ. ಆ ಕಿಟಕಿ ಎರಡನೇ ಮಹಡಿಯಲ್ಲಿದೆ, ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಭಾನುವಾರ ನಮ್ಮವರು ಬಂದರು. ದೂರದಿಂದಲೇ ಶ್ರೀಪತಿಯ ಚಪ್ಪಲಿಯ ಸದ್ದು ಗುರುತು ಹಿಡಿದೆ. ಮಕ್ಕಳಿಗೆ ಮೊದಲು ಗುಮ್ಮಟ ತೋರಿಸಿ, ಕಂಚಿನ ಆನೆ ತೋರಿಸಿ, ಆಮೇಲೆ ಇಲ್ಲಿಗೆ ಬಂದರಂತೆ. ಜಯಶೀಲ ಹಗ್ಗ ಹಿಡಿದುಕೊಂಡು ಅತ್ತೇಬಿಟ್ಟಳು. "ಅಕ್ಕ, ನಿಮಗೆ ಇಷ್ಟ ಅಂತ ಕೋಡುಬಳೆ ತಂದೆ, ಬಾಗಿಲಲ್ಲೇ ಕಿತ್ಕೊಂಡ್ರು" ಎಂದಳು. ಅವಳ ಮೇಲಿದ್ದ ಸಿಟ್ಟೆಲ್ಲ ಆಗಲೇ ಇಳಿದುಹೋಯಿತು. ನಾನೂ ಅತ್ತೆ. ಸುಹಾಸ ನೆಲ ನೋಡುತ್ತಾ ನಿಂತಿದ್ದ. ತುಂಗ ಮಾತ್ರ "ಅಂಬತ್ತೆ, ಇಲ್ಲಿ ನಿಂಗೆ ಬೇಜಾರಾಗಲ್ವಾ?" ಎಂದು ಕೇಳಿದಳು.

"ಆಗತ್ತೆ ಕಣೇ. ನೀನಿಲ್ದೆ ಯಾರ ಜೊತೆ ಜಗಳ ಆಡ್ಲಿ" ಎಂದೆ.

ಶ್ರೀಪತಿ ಶಾಮಿಯಾನದವನು. ಮದುವೆ ಮುಂಜಿಗಳಿಗೆ ಪೆಂಡಾಲು, ಕುರ್ಚಿ, ಹಂಡೆ, ಕೊಳಗ ಬಾಡಿಗೆಗೆ ಕೊಡುವುದು ಅವನ ಕಸುಬು. ಛತ್ರದಿಂದ ಸಾಮಾನು ವಾಪಸು ತರುವಾಗ ಅವನದೊಂದು ಪದ್ಧತಿ. ಆಳುಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಗೋಡೆ ಹಂಚುತ್ತಾನೆ. ನಿನ್ನ ಗೋಡೆಯ ಬುಡದಲ್ಲಿ ಏನಿದೆಯೋ ಅದೆಲ್ಲ ನಿನ್ನ ಜವಾಬ್ದಾರಿ, ಪಕ್ಕದವನ ಗೋಡೆಗೆ ತಲೆ ಹಾಕಬೇಡ. ಛತ್ರದ ನಡುಮಧ್ಯೆ ಮಂಟಪವಿರುತ್ತದೆ, ಅದು ಹೂವಿನವರದು, ಅದರ ಗೊಡವೆ ನಮಗಿಲ್ಲ. ಇಷ್ಟು ವರ್ಷದಲ್ಲಿ ಒಂದು ಸೌಟು ಕಳೆದಿಲ್ಲ ಎಂದು ಅವನಿಗೆ ಹೆಮ್ಮೆ. ನಮಗೂ ಹೆಮ್ಮೆಯೇ.

ಅದೇ ಪದ್ಧತಿಯಲ್ಲಿ ನನ್ನ ಕೋಣೆಯನ್ನೂ ಹಂಚಿದ. "ಕಿಟಕಿ ಗೋಡೆ ನಂದು. ಜಯಾ, ಬೀರು ಇರೋ ಗೋಡೆ ನಿಂದು. ಸುಹಾಸ, ಮಂಚದ ಗೋಡೆ, ಅದ್ರ ಜೊತೆ ನೆಲ. ತುಂಗ, ಬಾಗಿಲ ಗೋಡೆ, ಅದ್ರ ಜೊತೆ ಮೇಲಿನ ಸೂರು. ಅವರವರ ಗೋಡೆ ಅವರವರು ಗಟ್ಟಿ ಮಾಡ್ಕೊಳ್ಳಿ. ಮನೇಲಿ ವಾರ ಪೂರ್ತಿ ಒಪ್ಪಿಸಬೇಕು." ಎಲ್ಲರೂ ಹಗ್ಗದ ಉದ್ದಕ್ಕೂ ನಿಂತು ನೋಡತೊಡಗಿದರು. ನಾನು ಮಿಷನ್ನಿನ ಮುಂದೆ ಕೂತಿದ್ದೆ.

"ಅಕ್ಕ, ಸ್ವಲ್ಪ ಈಕಡೆ ಸರಿ. ಕಿಟಕಿ ಕೆಳಗೆ ಏನಿದೆ ಅಂತ ಕಾಣ್ತಿಲ್ಲ" ಎಂದ ಶ್ರೀಪತಿ. ಎದ್ದು ಬೀರುವಿನ ಕಡೆ ಹೋದೆ. "ಅಕ್ಕ, ಬೀರಿಗೆ ಅಡ್ಡ ಆಗ್ತಿದೀರಿ" ಎಂದಳು ಜಯಶೀಲ, ಮೆಲ್ಲಗೆ. ಮಂಚದ ಮೇಲೆ ಕೂರೋಣವೆಂದರೆ ಸುಹಾಸ ಬಗ್ಗಿ ಮಂಚದ ಕೆಳಗೆ ನೋಡುತ್ತಿದ್ದ. ಕೊನೆಗೆ ಯಾರಿಗೂ ಅಡ್ಡವಾಗದ ಹಾಗೆ ಕೋಣೆಯ ನಡುವೆ, ಫ್ಯಾನಿನ ಕೆಳಗೆ ನಿಂತುಕೊಂಡೆ. ಅಲ್ಲಿಂದ ನಾಲ್ವರೂ ಚೆನ್ನಾಗಿ ಕಾಣುತ್ತಿದ್ದರು. ಕಣ್ಣು ಕಿರಿದು ಮಾಡಿ, ತುಟಿ ಅಲ್ಲಾಡಿಸುತ್ತಾ, ಬಾಯಿಪಾಠ ಮಾಡುತ್ತಿದ್ದರು. ನನ್ನ ಕೋಣೆಯನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಹೊರಡುವಾಗ ಶ್ರೀಪತಿ "ಮುಂದಿನ ವಾರ ಮನೇಲೇ ಊಟ ಮಾಡುವೆಯಂತೆ ಅಕ್ಕ, ಹೆದರಬೇಡ" ಎಂದ. ನನ್ನನ್ನೂ ಹೇಳುವುದನ್ನು ಮರೆಯಬೇಡಿ ಎಂಬ ಮಾತು ನನ್ನ ನಾಲಗೆ ತುದಿಯವರೆಗೂ ಬಂತು. ಗುರುತು ಹೇಳುವಾಗ ಬಾಯಿ ಬಿಡಬಾರದೇ ಹೊರತು ಈಗ ಮಾತಾಡಲು ಅಡ್ಡಿಯಿರಲಿಲ್ಲ. ಆದರೆ ನನಗೋಸ್ಕರವೇ ಬಂದವರು, ನನ್ನನ್ನು ನೋಡಿ ಅತ್ತವರು, ಅವರಿಗೆ ನನ್ನನ್ನು ಮರೆಯಬೇಡಿ ಎಂದು ಹೇಳುವುದು ಎಂಥ ನಾಚಿಕೆಗೇಡು. ನುಂಗಿಕೊಂಡೆ. ಅವರು ಹೊರಗಿನ ತೋಟದಲ್ಲಿ ಕೂತು ಪುಳಿಯೋಗರೆ ತಿಂದು ಹೋದರೆಂದು ಗಂಗಯ್ಯ ಹೇಳಿದ.

ಅವನು ಆ ಸಂಜೆ ಬಹಳ ಹೊತ್ತು ಹಗ್ಗದ ಹತ್ತಿರವೇ ನಿಂತಿದ್ದ. "ಒಂದು ಮಾತು ಹೇಳಿಬಿಡಬೇಕಿತ್ತು ತಾಯಿ, ನಿಮ್ಮ ಬಾಯಿಂದಲೇ" ಎಂದ.

"ಏನಂತ?"

"ನಿಮಗೇ ಗೊತ್ತಲ್ಲ ಏನಂತ."

"ನಮ್ಮ ಶ್ರೀಪತಿ ಒಂದು ಸೌಟು ಬಿಟ್ಟು ಬರೋನಲ್ಲ ಗಂಗಯ್ಯನೋರೇ" ಎಂದೆ. ಅವನು ತನ್ನ ಸ್ಟೂಲಿಗೆ ಹೋಗಿ ಕೂತ. ಆ ವಾರವೆಲ್ಲ ನನಗೆ ಸರಿಯಾಗಿ ಹೊಲಿಗೆ ಬೀಳಲಿಲ್ಲ, ಅದೇ ರವಿಕೆಯ ಅದೇ ಹುಕ್ಕನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡಿದೆ. ನಾಳೆ ನಾಡಿದ್ದರಲ್ಲಿ ಯಾರಾದರೂ ಒಬ್ಬರು ಬಂದರೆ ನಾಚಿಕೆ ಬಿಟ್ಟು ಹೇಳಿಬಿಡೋಣ ಎಂದುಕೊಂಡೆ. ಯಾರೂ ಬರಲಿಲ್ಲ, ಮನೆಯಲ್ಲಿ ಗೋಡೆ ಒಪ್ಪಿಸುತ್ತಿದ್ದರು.

ಗುರುತಿನ ಭಾನುವಾರ ಬೆಳಿಗ್ಗೆಯೇ ಕೋಣೆ ಗುಡಿಸಿ, ಹಾಸಿಗೆ ಸರಿಮಾಡಿ, ತಲೆ ಬಾಚಿ, ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುವ ಅಂಗುಸ್ತಾನ ಹಾಕಿ, ಅದೇ ರವಿಕೆ ಕೈಯಲ್ಲಿ ಹಿಡಿದು, ಕತ್ತಿಗೆ ಅಳತೆ ಟೇಪು ಹಾಕಿಕೊಂಡು ನಿಂತೆ. ಟೇಪಿಲ್ಲದೆ ನನಗೆ ಬರಿಗತ್ತಿನಲ್ಲಿ ನಿಂತ ಹಾಗಾಗುತ್ತದೆ. ಎಲ್ಲಿ ನಿಲ್ಲುವುದು ಎಂದು ಯೋಚಿಸಲೇ ಇಲ್ಲ, ಹೋದ ವಾರ ನಿಂತ ಕಡೆಯೇ ಹೋಗಿ ನಿಂತೆ. ನಮ್ಮವರೆಲ್ಲ ಹಬ್ಬಕ್ಕೆ ಉಡುವ ಬಟ್ಟೆ ಉಟ್ಟು ಬಂದಿದ್ದರು. ಜಯಶೀಲ ನನ್ನ ಕೈಯಲ್ಲೇ ಹೊಲಿದ ನೇರಳೆ ರವಿಕೆ ತೊಟ್ಟಿದ್ದಳು. ತುಂಗ ನನ್ನನ್ನು ನೋಡಿ ಕೈಬೀಸಿದಳು. ಆಮೇಲೆ ನಾಲ್ವರೂ ಬೆನ್ನು ಮಾಡಿ ಸಾಲಾಗಿ ನಿಂತರು. ಗಂಗಯ್ಯ ಎದ್ದು ಬಂದು ಅವರ ಮುಂದೆ ನಿಂತು "ಹೇಳಿ ಸ್ವಾಮಿ" ಎಂದ.

ಶ್ರೀಪತಿ ಶುರು ಮಾಡಿದ. "ಎರಡು ಬಾಗಿಲ ಕಿಟಕಿ. ಸರಳುಗಳಲ್ಲಿ ಎಡಗಡೇದು ಒಂದು ಬಗ್ಗಿದೆ. ಹಸಿರು ಬಣ್ಣ, ಕೆಳಗಡೆ ಎದ್ದುಹೋಗಿದೆ. ಹೊಲಿಗೆ ಮಿಷನ್ನು, ಕಾಲಲ್ಲಿ ತುಳಿಯೋದು. ಮಿಷನ್ ಮುಂದೆ ಸ್ಟೂಲು. ಸ್ಟೂಲಿನ ಒಂದು ಕಾಲು ಗಿಡ್ಡ, ಅದಕ್ಕೆ ರಟ್ಟು ಮಡಚಿ ಕೊಟ್ಟಿದೆ." ರಟ್ಟಿನ ತುಂಡನ್ನೂ ಬಿಡದೆ ಹೇಳಿದ ನನ್ನ ತಮ್ಮ. ನನಗೆ ಎಷ್ಟು ಹಿಗ್ಗಾಯಿತು ಎಂದರೆ, ಬಾಯಿ ತಪ್ಪಿ ಭೇಷ್ ಎಂದುಬಿಡುತ್ತೇನೇನೋ ಎಂದು ಸೆರಗು ಕಚ್ಚಿಕೊಂಡೆ.

ಜಯಶೀಲ ಕೈಮುಗಿದುಕೊಂಡು ಹೇಳಿದಳು. "ತೇಗದ ಬೀರು. ಬೀರಿನಲ್ಲಿ ಅತ್ತೆಯೋರ ಹಸಿರು ರೇಷ್ಮೆ ಸೀರೆ, ಮಡಿಕೇಲಿ ಹರಿದಿದೆ. ಅಕ್ಕನ ನಿತ್ಯದ ಸೀರೆಗಳು, ಅಕ್ಕನ ಉಣ್ಣೆ ಶಾಲು, ಅಕ್ಕನ ಕನ್ನಡಕದ ಡಬ್ಬಿ. ಬೀರಿನ ಮೇಲೆ ಹಳೇ ಸೂಟ್‌ಕೇಸು, ಹಿಡಿ ಇಲ್ಲ." ಅಕ್ಕನ, ಅಕ್ಕನ ಎಂದು ಅವಳು ಹೇಳಿದಾಗಲೆಲ್ಲ ಈಗ ನನ್ನ ಹೆಸರು ಬರುತ್ತದೆ ಎಂದುಕೊಳ್ಳುತ್ತಿದ್ದೆ. ಸೂಟ್‌ಕೇಸು ಹೇಳಿ ನಿಲ್ಲಿಸಿದಳು.

ಸುಹಾಸ ಮಂಚ ಹೇಳಿದ, ಹಾಸಿಗೆ ಹೇಳಿದ, ದಿಂಬಿನ ಕೆಳಗಿನ ನೋವಿನ ಮುಲಾಮು ಹೇಳಿದ, ಮಂಚದ ಕೆಳಗೆ ತಾನೇ ತುರುಕಿದ್ದ ಕ್ಯಾರಂ ಬೋರ್ಡು ಹೇಳಿದ. ಕಾವಿನೆಲ, ಬಾಗಿಲ ಹತ್ತಿರ ಬಿರುಕು ಎಂದ. ನೆಲದ ಮೇಲೆ ಏನಿದೆ ಎಂದು ಹೇಳಬೇಕಾದವನು ಅವನೇ ಅಲ್ಲವೇ. ನಾನು ನೆಲದ ಮೇಲೆ ತಾನೇ ನಿಂತಿದ್ದೆ. ಆದರೆ ನಿಂತವರು ನೆಲಕ್ಕೆ ಸೇರಿದವರು ಎಂದು ಆ ಹುಡುಗನಿಗೆ ಹೇಗೆ ಹೊಳೆಯಬೇಕು. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

ಕೊನೆಗೆ ತುಂಗ. "ಬಾಗಿಲು. ಬಾಗಿಲ ಮೇಲೆ ಅಜ್ಜಿ ತಾತನ ಫೋಟೋ. ಸ್ವಿಚ್ಚು, ಅದರ ಪಕ್ಕ ಪೆನ್ಸಿಲ್ಲಲ್ಲಿ ಬರೆದ ನನ್ನ ಹೆಸರು. ಮೇಲೆ ಮರದ ತೊಲೆ. ಫ್ಯಾನು, ಅದರ ಮೇಲೆ ಧೂಳು." ಅಪ್ಪನ ಕಡೆ ಕತ್ತೆತ್ತಿದಳು. "ಅಪ್ಪಾ, ಫ್ಯಾನಿನ ಕೆಳಗೆ..."

"ಶ್" ಎಂದ ಶ್ರೀಪತಿ. "ನಿನ್ನ ಗೋಡೆ ಮುಗೀತಲ್ಲ ಮಗಾ. ಹೆಚ್ಚುಕಮ್ಮಿ ಏನಾದ್ರೂ ಸೇರಿಸಿದ್ರೆ ಎಲ್ಲ ಹಾಳಾಗತ್ತೆ. ಬಾಯಿ ಮುಚ್ಕೊಂಡು ನಿಂತ್ಕೋ."

ಅವನದು ತಪ್ಪಲ್ಲ. ಇಲ್ಲದ್ದನ್ನು ಸೇರಿಸಿದರೆ ಎಲ್ಲವೂ ಹೋಗುತ್ತಿತ್ತು, ಮಕ್ಕಳ ಬಾಯಿ, ಏನು ಹೇಳುತ್ತಾಳೋ ಎಂದು ಹೆದರಿದ. ಫ್ಯಾನಿನ ಕೆಳಗೆ ನಾನಿದ್ದೆ.

ಗಂಗಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. "ಅಷ್ಟೇನಾ?" ಎಂದ. ಶ್ರೀಪತಿ ಮಿಕ್ಕ ಮೂವರ ಕಡೆ ತಿರುಗಿ, ನಿಮ್ಮ ನಿಮ್ಮ ಗೋಡೆ ಪೂರ್ತಿ ಆಯಿತೇ ಎನ್ನುವ ಹಾಗೆ ಹುಬ್ಬೆತ್ತಿದ. ಆಯಿತು ಎಂದು ತಲೆಯಾಡಿಸಿದರು. ತುಂಗ ತಲೆಯಾಡಿಸಲಿಲ್ಲ, ಅಪ್ಪನ ಪಂಚೆಯ ಅಂಚು ಹಿಡಿದೆಳೆದಳು, ಅವನು ಅವಳ ಕೈಯನ್ನು ತನ್ನ ಕೈಯೊಳಗೆ ಒತ್ತಿ ಹಿಡಿದುಕೊಂಡ. "ಚೆನ್ನಾಗಿ ಯೋಚನೆ ಮಾಡಿ ಹೇಳಿ ಸ್ವಾಮಿ" ಎಂದ ಗಂಗಯ್ಯ. "ಅಷ್ಟೇನಾ?"

ನಾನು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಬಾಯಿಬಡುಕಿ ಎನ್ನಿಸಿಕೊಂಡವಳು, ಎದುರಿದ್ದವರು ಯಾರೇ ಆಗಲಿ ಒಂದು ಮಾತು ಒಳಗಿಟ್ಟುಕೊಂಡವಳಲ್ಲ. ಒಂದು ಸಲ ಕೆಮ್ಮಿದರೂ ಸಾಕಿತ್ತು, ಅವರಿಗೆ ನೆನಪಾಗುತ್ತಿತ್ತು. ಆದರೆ ಕೋಣೆ ಇಲ್ಲೇ ಉಳಿದುಬಿಡುತ್ತಿತ್ತು. ಅಪ್ಪನ ಬೀರು, ಅಮ್ಮನ ಸೀರೆ, ತುಂಗನ ಹೆಸರಿದ್ದ ಗೋಡೆ, ಎಲ್ಲವೂ ನನ್ನ ಜೊತೆ ಇಲ್ಲೇ ಉಳಿಯುತ್ತಿತ್ತು, ಮನೆಗೆ ನಡುಕೋಣೆಯ ಜಾಗದಲ್ಲಿ ಬರೀ ಗೋಡೆ ಆಗುತ್ತಿತ್ತು. ಇನ್ನು ಒಂದು ಕ್ಷಣ ನೋಡೋಣ, ಇವನೇ ಹೇಳುತ್ತಾನೆ, ಇವನು ನನ್ನ ತಮ್ಮ, ನನ್ನ ಸೊಂಟದ ಮೇಲೆ ಬೆಳೆದವನು ಎಂದುಕೊಂಡೆ. ಬಾಯಿ ತೆರೆದೇ ಇತ್ತು.

"ಅಷ್ಟೇ" ಎಂದ ಶ್ರೀಪತಿ. "ಒಂದೂ ಬಿಟ್ಟಿಲ್ಲ."

ಹೇಳಿದ ವರಸೆಯಲ್ಲೇ ಹೋಗತೊಡಗಿತು. ಮೊದಲು ಕಿಟಕಿ. ಬೆಕ್ಕು ಕೂತಿದ್ದ ಕಾಂಪೌಂಡು ಇಲ್ಲವಾಯಿತು. ಮಿಷನ್ನು, ಸ್ಟೂಲು, ರಟ್ಟು. ಬೀರು ಹೋಗುವಾಗ ಅದರ ಹಳೇ ವಾಸನೆಯೂ ಜೊತೆಗೇ ಹೋಯಿತು. ಸದ್ದೇ ಇಲ್ಲ. ಕಾಲಡಿಯ ಕಾವಿನೆಲ ಹೋಗಿ ಮ್ಯೂಸಿಯಂನ ಬಿಳಿಕಲ್ಲು ತಣ್ಣಗೆ ತಗುಲಿತು. ಕೊನೆಯಲ್ಲಿ ಫ್ಯಾನು. ನನ್ನ ಮೈಮೇಲಿದ್ದದ್ದು, ಕತ್ತಿನ ಟೇಪು, ಬೆರಳಿನ ಅಂಗುಸ್ತಾನ, ಕೈಯಲ್ಲಿದ್ದ ಪಕ್ಕದ ಮನೆ ಹುಡುಗಿಯ ರವಿಕೆ, ಇಷ್ಟು ಯಾರ ಗೋಡೆಗೂ ಸೇರಿರಲಿಲ್ಲ, ಉಳಿಯಿತು.

ನಮ್ಮವರು ತಿರುಗಿ ನೋಡದೆ ಹೊರಟಿದ್ದರು. ಶ್ರೀಪತಿ ಸುಹಾಸನ ಹೆಗಲ ಮೇಲೆ ಕೈ ಹಾಕಿದ್ದ. "ಬೇಗ ನಡೀರಿ" ಎನ್ನುತ್ತಿದ್ದಳು ಜಯಶೀಲ, ಮೂಗು ಒರೆಸಿಕೊಳ್ಳುತ್ತಾ, "ಅಕ್ಕ ಅಷ್ಟೊತ್ತಿಗೆ ಮನೇಲಿರ್ತಾರೆ. ಹೋದ ತಕ್ಷಣ ಬಿಸಿ ಅನ್ನ ಮಾಡಿ ಹಾಕಬೇಕು, 'ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ' ಅಂತ ಬೈತಾರೆ ನೋಡ್ತಿರಿ." ಅವರ ನಗು ಹಜಾರದ ತುದಿಯವರೆಗೂ ಕೇಳಿಸಿತು. ಕೂಗಿದ್ದರೆ ತಿರುಗುತ್ತಿದ್ದರು, ತಿರುಗಿದ್ದರೆ ಮನೆಗೆ ಹೋದದ್ದೆಲ್ಲ ವಾಪಸು ಇಲ್ಲಿಗೇ ಬರುತ್ತಿತ್ತು. ಕೂಗಲಿಲ್ಲ. ತುಂಗನನ್ನು ಮಾತ್ರ ಎಳೆದುಕೊಂಡು ಹೋಗಬೇಕಾಯಿತು.

ಗಂಗಯ್ಯ ಒಳಗಿನಿಂದ ಒಂದು ಖಾಕಿ ಕೋಟು, ಒಂದು ಸ್ಟೂಲು ತಂದಿಟ್ಟ. ಕೋಟು ನನ್ನ ಅಳತೆಗೇ ಇತ್ತು. ಆಗ ನಾನು ಹಜಾರದ ಉದ್ದಕ್ಕೂ ನೋಡಿದೆ. ಆನೆಯ ಹತ್ತಿರ ಕೂತ ಮುದುಕಿ, ಮೆಟ್ಟಿಲ ಹತ್ತಿರದ ಕುಳ್ಳ ಗಂಡಸು, ವಿಮಲಮ್ಮನವರ ಕಿಟಕಿ ಕಾಯುವ ಹುಡುಗಿ, ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು.

"ನಮ್ಮ ಹುಡುಗರೂ ಬುದ್ಧಿವಂತರೇ ತಾಯಿ" ಎಂದ ಗಂಗಯ್ಯ. "ಗೋಡೆ ಮೇಲೆ ನಾನು ಒರಗಿ ಒರಗಿ ಆಗಿದ್ದ ಎಣ್ಣೆ ಕಲೇನೂ ಬಿಡದಂಗೆ ಹೇಳಿದ್ರು."

ಮಾರನೆಯ ದಿನ ಶ್ರೀಪತಿ ಓಡಿ ಬಂದ, ತಲೆ ಕೂಡ ಬಾಚಿರಲಿಲ್ಲ. ನಡುಕೋಣೆ ಇದ್ದ ಜಾಗದಲ್ಲಿ ನಿಂತು ಸುತ್ತಲೂ ನೋಡಿದ. ಆಮೇಲೆ ನೇರ ನನ್ನ ಹತ್ತಿರವೇ ಬಂದ. "ಇಲ್ಲಿ ಒಂದು ಕೋಣೆ ಇತ್ತಲ್ಲ, ಅದ್ರಲ್ಲಿ ನಮ್ಮಕ್ಕ ಇದ್ರು. ನೀವೇನಾದ್ರೂ ನೋಡಿದ್ರಾ?" ಎಂದು ಕೇಳಿದ. "ನಾನೇ ಕಣೋ ಶ್ರೀಪತಿ" ಎಂದೆ. ಕೋಟಿನ ಗುಂಡಿ ಬಿಚ್ಚಿ ಕತ್ತಿನ ಟೇಪು ತೋರಿಸಿದೆ. ಅವನ ಕಣ್ಣು ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು, ನನ್ನ ಮೇಲೆ ಒಂದು ಸಲವೂ ನಿಲ್ಲಲಿಲ್ಲ. ಸ್ಟೂಲಿನವರ ಬಾಯಿಂದ ಹೊರಗಿನವರಿಗೆ ಕೇಳಿಸುವುದು ಗುರುತಿನ ಹೊತ್ತಿನ ಮಾತುಗಳು ಮಾತ್ರ ಎಂದು ಗಂಗಯ್ಯ ಆಮೇಲೆ ಹೇಳಿದ. ಶ್ರೀಪತಿ ಮೇಲಿನ ಮಹಡಿಗೂ ಹೋದ, ತೋಟಕ್ಕೂ ಹೋದ, ಬಾಗಿಲು ಹಾಕುವವರೆಗೂ ಹುಡುಕಿದ. ಆ ದಿನ ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ಈಗ ಭಾನುವಾರಗಳಲ್ಲಿ ಗುರುತು ಹೇಳಲು ಬಂದವರನ್ನು ನಾನೂ ಕೇಳುತ್ತೇನೆ. ಅಷ್ಟೇನಾ ಎನ್ನುತ್ತೇನೆ. ಚೆನ್ನಾಗಿ ಯೋಚನೆ ಮಾಡಿ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ನಾಲಗೆ ಹೊರಳುವುದಿಲ್ಲ. ಜನ ಚಮಚ ಹೇಳುತ್ತಾರೆ, ಮೊಳೆ ಹೇಳುತ್ತಾರೆ, ಜೇಡರ ಬಲೆಯನ್ನೂ ಹೇಳುತ್ತಾರೆ.

ನಮ್ಮ ಮನೆಯಲ್ಲಿ ನಡುಕೋಣೆಯನ್ನು ಕೇಳುವುದು ಈಗ ತಪ್ಪುವುದಿಲ್ಲ. ಗುಮ್ಮಟದ ಬೆಳಕು ಕಂದುವ ಹೊತ್ತಿಗೆ ನನಗೆ ಇಲ್ಲಿಗೇ ಕೇಳಿಸುತ್ತದೆ, ಬಾಗಿಲು ಕಿರ್ರೆನ್ನುವ ಸದ್ದು, ಆಮೇಲೆ ತುಂಗನ ದನಿ. ಮೊದಮೊದಲು ಎಲ್ಲರ ಹಾಗೆ "ಇದ್ದೀಯಾ?" ಎಂದಷ್ಟೇ ಕೇಳುತ್ತಿದ್ದಳು. ಒಂದು ಸಂಜೆಯಿಂದ ಅದಕ್ಕೆ ಒಂದು ಮಾತು ಸೇರಿಸಿದಳು. ಯಾರು ಬೇಡವೆಂದರೂ ಬಿಟ್ಟಿಲ್ಲ. ಈಗ ದನಿ ಸ್ವಲ್ಪ ದೊಡ್ಡವರದಾಗಿದೆ, ಆದರೂ ಬಾಗಿಲು ತೆರೆದು, ಖಾಲಿ ಕೋಣೆಯ ನಡುಮಧ್ಯಕ್ಕೆ, ಫ್ಯಾನಿನ ಕೆಳಗೆ ನೋಡಿ ಕೇಳುತ್ತಾಳೆ ಎನ್ನುವುದು ದನಿಯಲ್ಲೇ ನನಗೆ ಗೊತ್ತಾಗುತ್ತದೆ.

"ಅಂಬತ್ತೆ, ಇದ್ದೀಯಾ?"

"ಇದ್ದೀನಿ ಕಣೇ" ಎನ್ನುತ್ತೇನೆ. "ಎಲ್ಲಿಗೆ ಹೋಗ್ಲಿ."